ತೆಂಗಿನ ಸೀಮೆಯ ಮಠಗಳೂ ಕಾಲಧರ್ಮವೂ

ಶ್ರೀಮಠದ ಮಹೋತ್ಸವಾಂಗವಾಗಿ ಪ್ರಕಟವಾಗುವ ಈ ಸ್ಮಾರಕ ಸಂಪುಟಕ್ಕೆ ಚರಿತ್ರವಿಷಯಕವಾದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಹಾಶಯರು ಅಪ್ಪಣೆ ಮಾಡಿರುವರು. ಗುರುಪರಂಪರೆಯ ನಾಮಾವಳಿಯನ್ನೂ ಗದ್ದುಗೆಗಳ ಮಹಿಮೆಯನ್ನೂ ವಿವರಿಸಬಲ್ಲ ಪಂಡಿತರು ಅನೇಕರಿರುವುದರಿಂದ ಆ ಭಾರವನ್ನು ಅವರಿಗೇ ಬಿಟ್ಟು, ನಾನು ಒಂದೇ ಒಂದು ಪ್ರಶ್ನೆಯನ್ನು ವಾಚಕರ ಮುಂದಿಡಲು ಬಯಸುವೆನು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂಬ ಈ ಮೂರು ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಕಳೆದ ನೂರೈವತ್ತು ವರ್ಷಗಳೊಳಗೆ ರಾಜಾಶ್ರಯವು ಹೋಯಿತು. ಇನಾಮು ಭೂಮಿಗಳು ಹೋದುವು. ಹಳೆಯ ಮರ್ಯಾದೆಗಳನೇಕವು ಅರ್ಥವಿಲ್ಲದೆ ಉಳಿದುವು. ಹೀಗಿದ್ದರೂ ಮಠಗಳು ಬಾಗಿಲು ಹಾಕಲಿಲ್ಲ. ಇದಕ್ಕೆ ಕಾರಣವೇನು? ನನ್ನ ತಿಳಿವಳಿಕೆಗೆ ಬಂದಮಟ್ಟಿಗೆ, ಈ ಪ್ರಶ್ನೆಯ ಉತ್ತರವು ಮಠದ ಅಡಿಗೆಮನೆಯಲ್ಲಿರುವುದು. ಆ ಉತ್ತರವೇ ಈಗ ಇನ್ನೊಂದು ಪ್ರಶ್ನೆಯಾಗಿ ನಮ್ಮ ಮುಂದೆ ನಿಂತಿರುವುದನ್ನೂ ಕಡೆಯಲ್ಲಿ ಅರಿಕೆಮಾಡುವೆನು.

ಕಾಲಕ್ಕೆ ತಕ್ಕಂತೆ ನಡೆಯನ್ನು ತಿದ್ದಿಕೊಳ್ಳುವುದು ಈ ಸೀಮೆಯ ಗುರುಗಳಿಗೆ ಹೊಸದಲ್ಲ. ಕಲ್ಯಾಣದ ಕ್ರಾಂತಿಯ ತರುವಾಯ ಚದರಿಹೋದ ಶರಣಧರ್ಮವು ಮತ್ತೆ ಕೂಡಿಬಂದುದು ಬಹುಮಟ್ಟಿಗೆ ಇಲ್ಲಿಯೇ, ಗುಬ್ಬಿ, ಕುಣಿಗಲು, ತುಮಕೂರುಗಳ ನಡುವೆ. ಗುಬ್ಬಿಯಲ್ಲಿ ಗೋಸಲ ಚನ್ನಬಸವೇಶ್ವರರ ಸ್ಥಾನವಿರುವುದು. ಅವರ ಕರಕಮಲಸಂಜಾತರಾದ ಸಿದ್ಧಲಿಂಗೇಶ್ವರರು ಕಗ್ಗೆರೆಯ ಒಂದು ತೋಟದಲ್ಲಿ ಶಿವಯೋಗವನ್ನಾಚರಿಸಿ, ಅದರಿಂದಲೇ ‘ತೋಂಟದ’ ಎಂಬ ಹೆಸರನ್ನು ಪಡೆದು, ಎಡೆಯೂರಿನಲ್ಲಿ ಲಿಂಗೈಕ್ಯರಾದರು. ಏಳುನೂರೊಂದು ಮಂದಿ ವಿರಕ್ತರೊಡನೆ ಅವರು ನಾಡಿನಲ್ಲಿ ಸಂಚರಿಸಿದರೆಂದು ಪರಂಪರೆಯು ಹೇಳುತ್ತದೆ. ಅವರ ಶಿಷ್ಯಪರಂಪರೆಯ ಗೂಳೂರು ಸಿದ್ಧವೀರಣ್ಣೊಡೆಯರು ಶೂನ್ಯಸಂಪಾದನೆಯನ್ನು ಪರಿಷ್ಕರಿಸಿದರು. ಅರಮನೆಯು ಕೈಬಿಟ್ಟಾಗ ತೋಟವನ್ನು ಹಿಡಿದರು. ಸಭಾಮಂಟಪವಿಲ್ಲವಾದಾಗ ಗ್ರಂಥವನ್ನು ಕಟ್ಟಿದರು. ಅತ್ತ ಚಿಕ್ಕನಾಯಕನಹಳ್ಳಿಯ ಗೋಡೆಕೆರೆಯು ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ನೆನೆದು ನಡೆಯುತ್ತಿರುವ ಸ್ಥಾನ. ಕೆರೆಯನ್ನು ಕಟ್ಟಿಸಿದ ಶರಣನನ್ನು ಕುಲದೈವವನ್ನಾಗಿ ಆರಿಸಿಕೊಂಡ ಜನರು ನೀರಿನ ಬೆಲೆಯನ್ನು ಬಲ್ಲವರಾಗಿದ್ದರೆಂಬುದರಲ್ಲಿ ಸಂದೇಹವಿಲ್ಲ.

ಮಠವನ್ನು ಸಾಕಿದುದು ಭಿಕ್ಷೆ. ನನ್ನ ಬಾಲ್ಯದಲ್ಲಿ ರಾಗಿಯ ಸುಗ್ಗಿ ಮುಗಿದ ಮೇಲೆ ಮಠದ ಗಾಡಿ ನಮ್ಮೂರಿಗೆ ಬರುತ್ತಿದ್ದಿತು. ಒಬ್ಬೊಬ್ಬರ ಮನೆಯ ಮುಂದೆಯೂ ನಿಲ್ಲುವುದು. ಮೊರದಲ್ಲಿ ರಾಗಿ, ಅದರ ಮೇಲೆರಡು ತೆಂಗಿನಕಾಯಿ. ಬಡವರ ಮನೆಯ ಮುಂದೆ ಗಾಡಿ ನಿಲ್ಲದೆ ಹೋದರೆ ಆ ಮನೆಯವರಿಗೆ ಅದೊಂದು ಅವಮಾನವಾಗಿತ್ತು. ಕೊಡುವುದಕ್ಕೆ ಒಂದು ಹಿಡಿ ಇದ್ದರೂ ಕರೆದು ನಿಲ್ಲಿಸುತ್ತಿದ್ದರು. ತೆಂಗಿನ ಬೆಳೆಯ ಸ್ವಭಾವವನ್ನು ಬಲ್ಲವರಿಗೆ ಇದರ ಅರ್ಥವು ಬೇಗನೆ ತಿಳಿಯುವುದು. ಬಲಿತ ಕಾಯನ್ನು ಅಟ್ಟದ ಮೇಲೆ ಒಟ್ಟಿ, ಎಂಟು ಹತ್ತು ತಿಂಗಳು, ಒಮ್ಮೊಮ್ಮೆ ವರ್ಷವೇ ಕಾದು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಕೊಬ್ಬರಿಯು ಕರಟದೊಳಗೆ ಸದ್ದುಮಾಡುವವರೆಗೆ ರೈತನ ಕೈಗೆ ಹಣವಿಲ್ಲ. ಆ ಮೇಲೆ ಸುಲಿದು, ಕರಟವನ್ನು ಬಡಿದು, ಉಂಡೆ ಕೊಬ್ಬರಿಯನ್ನು ಮಂಡಿಗೆ ಒಯ್ದರೆ, ಬೆಲೆಯು ಅವನ ಕೈಯಲ್ಲಿಲ್ಲ. ಇಂತಹ ಕಾಯುವ ಬೆಳೆಯನ್ನು ನಂಬಿದವನು ಮಠಕ್ಕೂ ಕಾಯುವ ಭಕ್ತನೇ. ಕೊಟ್ಟುದರ ಫಲವು ಮುಂದಿನ ತಲೆಮಾರಿಗೆ ಸಂದರೂ ಸಾಕೆಂಬುದು, ತಾತನು ನೆಟ್ಟ ಸಸಿಯ ಕಾಯನ್ನು ಮಾರಿ ಬದುಕುವವನಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಮಠಾಧೀಶರ ಲಕ್ಷ್ಯವೆಲ್ಲಿತ್ತೆಂಬುದನ್ನು ಮರೆಮಾಚದೆ ಹೇಳಬೇಕು. ಅಡ್ಡಪಲ್ಲಕ್ಕಿ, ಛತ್ರ ಚಾಮರ, ಬಿರುದು ಬಾವಲಿಗಳು ಯಾರಿಗೆ ಸಲ್ಲತಕ್ಕವು ಎಂಬ ವ್ಯಾಜ್ಯಗಳು ನಾಡೆಲ್ಲಾ ನಡೆದುವು. ಅಡ್ಡಪಲ್ಲಕ್ಕಿಯ ಹಕ್ಕಿನ ವಿಷಯದಲ್ಲಿ ಶೃಂಗೇರಿಯ ಸ್ವಾಮಿಗಳಿಗೂ ಲಿಂಗಾಯತ ಚರಂತಿಯೊಬ್ಬರಿಗೂ ನಡೆದ ಮೊಕದ್ದಮೆಯು ೧೮೪೩ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೂ ಹೋಯಿತು. ಇಷ್ಟು ದೂರ ಸಮುದ್ರವನ್ನು ದಾಟಿಹೋದ ಪಲ್ಲಕ್ಕಿ ಬೇರೊಂದಿಲ್ಲ. ಅಂದಿನವರನ್ನು ಹಾಸ್ಯಮಾಡುವುದು ನನ್ನ ಉದ್ದೇಶವಲ್ಲ. ಗೌರವವೆಂಬುದು ಅಂದು ಆ ರೂಪದಲ್ಲಿಯೇ ಕಣ್ಣಿಗೆ ಕಾಣುತ್ತಿದ್ದಿತು. ಆದರೆ ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮವು ಬಂದು ಕಣ್ಣಿಗೆ ಬೇರೆಯದನ್ನು ತೋರಿಸಿತು. ೧೮೭೧ರ ಗಣತಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆಯು ೫೦,೫೫,೪೧೨. ೧೮೮೧ರಲ್ಲಿ ಅದು ೪೧,೮೬,೧೮೮. ಅದೇ ೧೮೮೧ರ ಗಣತಿಯ ವರ್ಗೀಕರಣದಲ್ಲಿ ತಮ್ಮನ್ನು ಶೂದ್ರರೊಡನೆ ಸೇರಿಸಿದರೆಂದು ನಮ್ಮವರು ನೊಂದು, ೧೮೯೧ರ ಗಣತಿಗೆ ‘ವೀರಶೈವ ಬ್ರಾಹ್ಮಣ’ರೆಂದು ಬರೆಯಿಸಿಕೊಳ್ಳಬೇಕೆಂದು ಹೋರಾಡಿದರು. ಹತ್ತು ವರ್ಷಗಳಲ್ಲಿ ಎಂಟೂವರೆ ಲಕ್ಷಕ್ಕೂ ಮಿಗಿಲಾಗಿ ಜನವು ಕುಗ್ಗಿಹೋದ ಪುಸ್ತಕದಲ್ಲಿ ನಾವು ನಮ್ಮ ಹೆಸರಿನ ಮುಂದಿನ ಪದವನ್ನು ಹುಡುಕುತ್ತಿದ್ದೆವು.

ಅಷ್ಟರೊಳಗೆ ರೈಲು ಬಂದಿತು. ಬೆಂಗಳೂರಿನಿಂದ ತುಮಕೂರಿಗೆ ೧೮೮೪ರಲ್ಲಿ; ಅಲ್ಲಿಂದ ತಿಪಟೂರು, ಅರಸೀಕೆರೆಗಳ ಮೇಲೆ ೧೮೮೯ರ ವೇಳೆಗೆ ಹರಿಹರದವರೆಗೆ. ತಿಪಟೂರಿನ ಕೊಬ್ಬರಿಯು ಉತ್ತರ ಹಿಂದೂಸ್ಥಾನದ ಪೇಟೆಗಳಿಗೆ ಹೊರಟಿತು. ಅಲ್ಲಿಂದ ಹಣವು ಬಂದಿತು. ಹಣದ ಹಿಂದೆ ಕಾಗದ, ರಸೀದಿ, ಕೋರ್ಟು, ಇಂಗ್ಲೀಷು ಇವೆಲ್ಲವೂ ಬಂದುವು. ಓದಬಲ್ಲವನು ಒಬ್ಬನಿಲ್ಲದ ಮನೆಯು ಮೋಸಹೋಗುವುದು ನಿಶ್ಚಯವಾಯಿತು. ಓದೋಣವೆಂದರೆ ಹೈಸ್ಕೂಲು ಸಾಮಾನ್ಯವಾಗಿ ಜಿಲ್ಲೆಯ ಮುಖ್ಯಪಟ್ಟಣದಲ್ಲಿ, ಕಾಲೇಜು ಬೆಂಗಳೂರು ಮೈಸೂರುಗಳಲ್ಲಿ. ಹಳ್ಳಿಯ ಹುಡುಗನಿಗೆ ಅಲ್ಲಿ ಅನ್ನವೆಲ್ಲಿ? ಫೀಜು ಪುಸ್ತಕಗಳನ್ನು ಹೇಗೋ ಹೊಂದಿಸಬಹುದು; ಎರಡು ಹೊತ್ತಿನ ಊಟವನ್ನು ಹೊಂದಿಸಲಾಗದೆ ಹಿಂದಿರುಗಿದವರು ಲೆಕ್ಕವಿಲ್ಲ. ಈ ಒಂದು ಪ್ರಶ್ನೆಯೇ ನಮ್ಮ ಮಠಗಳ ಚರಿತ್ರೆಯನ್ನು ತಿರುಗಿಸಿದ ಪ್ರಶ್ನೆಯೆಂದು ನನ್ನ ಅಭಿಪ್ರಾಯ.

ಇದಕ್ಕೆ ಮೊದಲು ಉತ್ತರ ಕೊಟ್ಟವರು ಮಠಾಧೀಶರಲ್ಲ, ವರ್ತಕರು ಎಂಬುದನ್ನು ಒಪ್ಪಿಕೊಳ್ಳಬೇಕು. ಗುಬ್ಬಿಯಲ್ಲಿ ಜನಿಸಿ ವ್ಯಾಪಾರದಿಂದ ಧನವನ್ನಾರ್ಜಿಸಿದ ತೋಟದಪ್ಪನವರು ೧೮೯೭ರಲ್ಲಿ ಬೆಂಗಳೂರು ರೈಲ್ವೆ ನಿಲ್ದಾಣದ ಹತ್ತಿರ ಸ್ಥಳವನ್ನು ಸಂಪಾದಿಸಿ ಧರ್ಮಛತ್ರವನ್ನು ಕಟ್ಟಿಸಿದರು. ೧೯೦೩ರಲ್ಲಿ ಅದರ ಪ್ರಾರಂಭೋತ್ಸವವಾಯಿತು. ವಿದ್ಯಾರ್ಥಿಗಳಿಗೆ ಉಚಿತ ನಿಲಯವೂ ಅದರೊಡನೆ ಬೆಳೆಯಿತು. ರೈಲಿನಿಂದಿಳಿದ ಹುಡುಗನು ಯಾರನ್ನೂ ದಾರಿ ಕೇಳದೆ ನಡೆದುಹೋಗಬಹುದಾದಷ್ಟು ಸಮೀಪದಲ್ಲಿ ಆ ಕಟ್ಟಡವಿರುವುದು ಆ ಪುಣ್ಯಾತ್ಮರ ವ್ಯಾವಹಾರಿಕ ಬುದ್ಧಿಗೆ ಸಾಕ್ಷಿ. ೧೯೦೫ರಲ್ಲಿ ಮೈಸೂರು ಲಿಂಗಾಯತ ವಿದ್ಯಾಭಿವೃದ್ಧಿ ನಿಧಿಯ ಸಂಘವು ಸ್ಥಾಪಿತವಾಯಿತು. ೧೯೧೮ರಲ್ಲಿ ಮಿಲ್ಲರ್ ಸಮಿತಿಯು ನೇಮಕವಾದಾಗ, ಹಿಂದೆ ಬ್ರಾಹ್ಮಣತ್ವಕ್ಕಾಗಿ ಅರ್ಜಿ ಬರೆದ ಜನವೇ ಹಿಂದುಳಿದವರೊಡನೆ ನಿಂತು ಸರಕಾರಿ ಉದ್ಯೋಗದಲ್ಲಿ ಪಾಲನ್ನು ಕೇಳಿತು. ಇದರಲ್ಲಿರುವ ವಿನೋದವನ್ನು ವಾಚಕರು ಗಮನಿಸಿಯೇ ಇರುವರು. ಹೊಟ್ಟೆಯೂ ವಿದ್ಯೆಯೂ ಮುಂದೆ ಬಂದು ನಿಂತಾಗ ಪಲ್ಲಕ್ಕಿಯು ತಾನಾಗಿಯೇ ಹಿಂದೆ ಸರಿಯಿತು.

ಮಠಾಧೀಶರೊಳಗೆ ಕಾಲದ ಕರೆಯನ್ನು ಕೇಳಿದವರಲ್ಲಿ ಹಾನಗಲ್ಲಿನ ಶ್ರೀ ಕುಮಾರಸ್ವಾಮಿಗಳವರದು ಅಗ್ರಸ್ಥಾನ. ಅವರ ಪ್ರೇರಣೆಯಿಂದ ೧೯೦೪ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯು ಸೇರಿತು. ಸಿರಸಂಗಿಯ ಲಿಂಗರಾಜರು ಅಧ್ಯಕ್ಷತೆ ವಹಿಸಿದ್ದರು. ಆದರೆ ಸ್ವಾಮಿಗಳವರ ದೂರದೃಷ್ಟಿಯು ಮಹಾಸಭೆಗಿಂತ ೧೯೦೯ರಲ್ಲಿ ಬಾದಾಮಿಯ ಸಮೀಪದ ಮಲಪ್ರಭಾತೀರದಲ್ಲಿ ಸ್ಥಾಪಿತವಾದ ಶಿವಯೋಗಮಂದಿರದಲ್ಲಿ ಹೆಚ್ಚಾಗಿ ಕಾಣುವುದು. ಭಕ್ತರನ್ನು ತಿದ್ದುವುದಕ್ಕೆ ಮುಂಚೆ ಗುರುವಾಗತಕ್ಕವನನ್ನು ತಿದ್ದಬೇಕು. ಪೀಠಕ್ಕೆ ಬರುವ ವಟುವು ಹುಟ್ಟಿನಿಂದಲೇ ಯೋಗ್ಯನೆಂದು ಭಾವಿಸಕೂಡದು. ಅವನಿಗೆ ಸಂಸ್ಕೃತ, ಕನ್ನಡ, ಯೋಗ, ಸಂಗೀತ, ಗೋಸೇವೆ ಇವೆಲ್ಲವನ್ನೂ ಕಲಿಸಬೇಕು ಎಂಬುದು ಅವರ ಸಂಕಲ್ಪ. ಗುರುಗಳಿಗೊಂದು ಗುರುಕುಲ! ಈ ವಿಚಾರವು ಎಷ್ಟು ಸರಳವಾಗಿ ತೋರುವುದೋ ಅಷ್ಟೇ ಧೈರ್ಯದ ವಿಚಾರ. ಏಕೆಂದರೆ ಪೀಠಸ್ಥನಿಗೆ ಕಲಿಯತಕ್ಕದ್ದು ಏನೋ ಇದೆಯೆಂದು ಅದು ಬಹಿರಂಗವಾಗಿ ಒಪ್ಪಿಕೊಳ್ಳುವುದು.

ಇನ್ನು ನಮ್ಮ ಸೀಮೆಗೆ ಬರೋಣ. ತಿಪಟೂರಿನಿಂದ ರೈಲುದಾರಿಯಲ್ಲಿ ತುಮಕೂರನ್ನು ದಾಟಿದರೆ ಸಿದ್ಧಗಂಗೆ. ಅಲ್ಲಿ ಶ್ರೀ ಉದ್ದಾನ ಶಿವಯೋಗಿಗಳು ೧೯೧೭ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದರು. ಪಾಠಶಾಲೆಯ ಮಕ್ಕಳಿಗೆಂದು ಹೊತ್ತಿಸಿದ ಒಲೆಯಲ್ಲಿ ತುಮಕೂರಿನ ಶಾಲೆಗೆ ಹೋಗುವ ಬಡ ಹುಡುಗರಿಗೂ ಅನ್ನವಾಯಿತು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ೧೯೦೭ರಲ್ಲಿ ಜನಿಸಿದ ಶಿವಣ್ಣ ಎಂಬ ಹುಡುಗನೂ ಹೀಗೆಯೇ ವಿದ್ಯಾರ್ಥಿದೆಶೆಯಲ್ಲಿ ಅಲ್ಲಿ ಆಶ್ರಯ ಪಡೆದನು. ಬಳಿಕ ಬೆಂಗಳೂರಿಗೆ ಹೋಗಿ ತೋಟದಪ್ಪನವರ ನಿಲಯದಲ್ಲಿದ್ದು ಸೆಂಟ್ರಲ್ ಕಾಲೇಜಿನಲ್ಲಿ ಓದಿದನು. ೧೯೩೦ರಲ್ಲಿ ಮಠದ ಉತ್ತರಾಧಿಕಾರಿಗಳಾಗಿದ್ದ ಶ್ರೀ ಮರುಳಾರಾಧ್ಯರು ಅಕಾಲದಲ್ಲಿ ಲಿಂಗೈಕ್ಯರಾದರು. ಅಂತ್ಯಕ್ರಿಯೆಗೆಂದು ಬಂದಿದ್ದ ಆ ಕಾಲೇಜು ವಿದ್ಯಾರ್ಥಿಯ ಮೇಲೆ ಶಿವಯೋಗಿಗಳ ದೃಷ್ಟಿ ಬಿದ್ದಿತು. ಅದೇ ವರ್ಷ ಅವನಿಗೆ ವಿರಕ್ತಾಶ್ರಮವಾಗಿ, ಶಿವಕುಮಾರರೆಂಬ ಹೆಸರಾಯಿತು. ೧೯೪೧ರಲ್ಲಿ ಹಿರಿಯರು ಲಿಂಗೈಕ್ಯರಾದ ತರುವಾಯ ಮಠದ ಭಾರವೆಲ್ಲವೂ ಅವರ ಹೆಗಲ ಮೇಲೆ ಬಿದ್ದಿತು.

ಈ ಪ್ರಸಂಗದಲ್ಲಿ ನಾನು ಸ್ವಲ್ಪ ನಿಲ್ಲುವೆನು. ವರ್ತಕನ ಧರ್ಮದ ಅನ್ನವನ್ನುಂಡು ಓದಿದವರೊಬ್ಬರು ಮಠಕ್ಕೆ ಬಂದು, ಅಂತಹ ಅನ್ನವನ್ನು ಸಹಸ್ರಗಟ್ಟಲೆ ಮಕ್ಕಳಿಗೆ ಬಡಿಸಿದರು. ಕಾಲೇಜಿನಲ್ಲಿ ಭೌತಶಾಸ್ತ್ರವನ್ನೂ ಗಣಿತವನ್ನೂ ಓದಿದ ಸ್ವಾಮಿಗಳು ಕಾಲ್ನಡಿಗೆಯಲ್ಲಿಯೂ ಎತ್ತಿನ ಗಾಡಿಯಲ್ಲಿಯೂ ಊರೂರು ತಿರುಗಿ ರಾಗಿಯನ್ನೂ ಕಾಯನ್ನೂ ಬೇಡಿದರು. ಹಳೆಯ ಭಿಕ್ಷೆಯ ಗಾಡಿಯೇ. ಆದರೆ ಒಳಗಿನ ಲೆಕ್ಕವು ಹೊಸದು. ತಾನು ಕೊಟ್ಟ ರಾಗಿಯು ಯಾರ ತಟ್ಟೆಗೆ ಹೋಗುವುದೆಂದು ಕೊಟ್ಟವನಿಗೆ ಈಗ ತಿಳಿದಿತ್ತು. ಎಷ್ಟೋ ವೇಳೆ ಅದು ಅವನ ಪಕ್ಕದ ಮನೆಯ ಹುಡುಗನ ತಟ್ಟೆಯಾಗಿತ್ತು. ಎರಡನೆಯದಾಗಿ, ವಿದ್ಯಾನಿಧಿಗಳೂ ಅನೇಕ ನಿಲಯಗಳೂ ತಮ್ಮ ತಮ್ಮ ಸಮಾಜದವರಿಗೆಂದೇ ಹುಟ್ಟಿದುವು. ಅದು ಆ ಕಾಲದ ರೀತಿ. ಸಿದ್ಧಗಂಗೆಯ ಪಂಕ್ತಿಯಲ್ಲಿಯಾದರೋ ಜಾತಿಮತಗಳ ಭೇದವಿಲ್ಲದೆ ಮಕ್ಕಳು ಕುಳಿತರು. ಕಾಲಕ್ರಮದಲ್ಲಿ ಸುಮಾರು ಹತ್ತು ಸಾವಿರ ಮಕ್ಕಳ ಅನ್ನ, ವಸತಿ, ವಿದ್ಯೆಗಳ ಭಾರವನ್ನು ಮಠವು ಹೊತ್ತಿತು. ೧೯೬೩ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಪ್ರಾರಂಭವಾಯಿತು. ಶ್ರೀಗಳವರು ೨೦೧೯ರ ಜನವರಿ ೨೧ರಂದು ನೂರಹನ್ನೊಂದು ವರ್ಷಗಳ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅಂದು ಸಾಯಂಕಾಲವೂ ಮಕ್ಕಳಿಗೆ ಊಟದ ಹೊತ್ತು ತಪ್ಪಬಾರದೆಂದೇ ಅವರು ಬಯಸುತ್ತಿದ್ದರೆಂಬುದನ್ನು ಅವರನ್ನು ಬಲ್ಲವರಾರೂ ಅಲ್ಲಗಳೆಯಲಾರರು.

ಇದೇ ಹಾದಿಯನ್ನು ಸುತ್ತೂರು, ಸಿರಿಗೆರೆ, ಧಾರವಾಡದ ಮುರುಘಾಮಠ ಮೊದಲಾದುವೂ ತಮ್ಮ ತಮ್ಮ ರೀತಿಯಲ್ಲಿ ಹಿಡಿದುವು. ನಮ್ಮ ಸೀಮೆಯ ಮಠಗಳಲ್ಲಿಯೂ ಪ್ರಸಾದನಿಲಯಗಳೂ ಶಾಲೆಗಳೂ ಹುಟ್ಟಿದುವು. ಈ ತಿರುವು ಸಕಾಲದಲ್ಲಿ ಆಗದಿದ್ದರೆ ಏನಾಗುತ್ತಿದ್ದಿತೆಂಬುದಕ್ಕೆ ೧೯೫೫ನೆಯ ಇಸವಿಯನ್ನು ನೆನೆದರೆ ಸಾಕು. ಧಾರ್ಮಿಕ ಹಾಗೂ ಧರ್ಮಾದಾಯ ಇನಾಮುಗಳನ್ನು ರದ್ದುಗೊಳಿಸುವ ಶಾಸನವು ಆ ವರ್ಷ ಮೈಸೂರಿನಲ್ಲಿ ಆಯಿತು. ೧೯೭೪ರ ಭೂಸುಧಾರಣೆಯಿಂದ ಗೇಣಿಯ ಭೂಮಿಗಳೂ ಉಳುವವರ ಪಾಲಾದುವು. ಉಳುವವನಿಗೆ ನ್ಯಾಯವಾಯಿತು, ಅದನ್ನು ಆಕ್ಷೇಪಿಸುವುದು ಕಾಯಕತತ್ತ್ವವನ್ನು ಬೋಧಿಸುವವರಿಗೆ ಸಲ್ಲದು. ಭೂಮಿಯನ್ನೇ ನೆಚ್ಚಿಕೊಂಡಿದ್ದ ಪೀಠಗಳು ಸೊರಗಿದುವು. ಮಕ್ಕಳ ಪಂಕ್ತಿಯಿದ್ದಲ್ಲಿಗೆ ಭಕ್ತನು ತಾನಾಗಿಯೇ ಮೂಟೆಯನ್ನು ಹೊತ್ತು ತಂದನು. ಅದೇ ಗೇಣಿದಾರನೂ, ಭೂಮಿಯು ತನ್ನದಾದ ಮೇಲೆ, ತಂದವರಲ್ಲೊಬ್ಬನು.

೨೦೦೨ರಲ್ಲಿ ಕರ್ನಾಟಕ ಸರಕಾರವು ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟವನ್ನು ಪ್ರಾರಂಭಿಸಿದಾಗ ಆ ಯೋಜನೆಗೆ ‘ಅಕ್ಷರ ದಾಸೋಹ’ವೆಂದು ನಾಮಕರಣ ಮಾಡಿತು. ಮಠದ ಮಾತು ಸರಕಾರದ ಮಾತಾಯಿತೆಂದು ನಾವು ಹೆಮ್ಮೆಪಟ್ಟುದುಂಟು. ಅದರೊಳಗೊಂದು ಸೂಚನೆಯೂ ಇದ್ದಿತು. ಅದನ್ನು ನಾವು ಬೇಗನೆ ಗ್ರಹಿಸಲಿಲ್ಲ. ಹಳ್ಳಿಹಳ್ಳಿಗೆ ಶಾಲೆ, ಶಾಲೆಯಲ್ಲಿಯೇ ಊಟ, ತಾಲ್ಲೂಕಿಗೆ ಕಾಲೇಜು, ಸರಕಾರಿ ವಿದ್ಯಾರ್ಥಿನಿಲಯ, ಬಾಗಿಲಿಗೆ ಬಸ್ಸು ಇವೆಲ್ಲವೂ ಆದಮೇಲೆ ಸಣ್ಣ ಮಠಗಳ ಪ್ರಸಾದನಿಲಯಗಳಲ್ಲಿ ಹಾಸಿಗೆಗಳು ಬರಿದಾಗತೊಡಗಿದುವು. ನಾನು ಬಲ್ಲ ಒಂದು ಮಠದಲ್ಲಿ ಹುಡುಗರ ಕೊಠಡಿಗಳ ಸಾಲನ್ನು ಕೆಡವಿ ಕಲ್ಯಾಣಮಂಟಪವನ್ನು ಕಟ್ಟಿದರು. ಮಠದ ಹೆಸರು ಇಲ್ಲಿ ಬೇಡ. ನಾನು ಆ ಕೊಠಡಿಯಲ್ಲಿ ನಾಲ್ಕು ವರ್ಷ ಮಲಗಿದ್ದವನು. ಮಂಟಪದಿಂದ ಬಾಡಿಗೆ ಬರುವುದು ನಿಜ. ಆದರೆ ಇನಾಮು ಹೋದ ಬಾಗಿಲಿನಿಂದ ಬಾಡಿಗೆಯು ಒಳಗೆ ಬಂದರೆ, ಮಠಕ್ಕೂ ಭಕ್ತನಿಗೂ ನಡುವೆ ಉಳಿಯತಕ್ಕದ್ದು ರಸೀದಿಯೊಂದೇ. ಅಲ್ಲದೆ, ಬರಿದಾದ ಕೊಠಡಿಗಳನ್ನು ಹೆಣ್ಣುಮಕ್ಕಳಿಗೆ ತೆರೆಯೋಣವೆಂದು ಆ ಸಭೆಯಲ್ಲಿ ಒಬ್ಬರು ಸೂಚಿಸಿದಾಗ ಕಾವಲು, ಖರ್ಚು, ಲೋಕಾಪವಾದಗಳ ಮಾತೆತ್ತಿ ಕೈಬಿಟ್ಟರು. ಅಕ್ಕಮಹಾದೇವಿಯ ಹೆಸರನ್ನು ದಿನವೂ ಎತ್ತುವವರು ಇದಕ್ಕಿಂತ ಒಳ್ಳೆಯ ಉತ್ತರವನ್ನು ಹುಡುಕಬೇಕಾಗಿತ್ತು. ನಮ್ಮ ಪ್ರಸಾದನಿಲಯಗಳ ಚರಿತ್ರೆಯು ಬಹುಮಟ್ಟಿಗೆ ಗಂಡುಮಕ್ಕಳ ಚರಿತ್ರೆಯಾಗಿ ಉಳಿದುದಕ್ಕೆ ಇಂತಹ ಸಭೆಗಳೂ ಕಾರಣ.

ಮೊದಲು ಅರಿಕೆಮಾಡಿದ ಹೊಸ ಪ್ರಶ್ನೆಯು ಇಲ್ಲಿಯೇ ಹುಟ್ಟುವುದು. ನಾವು ಅನ್ನವಿಟ್ಟು ಓದಿಸಿದ ಹುಡುಗರು ಹಿಂದಿರುಗಲಿಲ್ಲ. ಓದಿದುದು ಸಾರ್ಥಕವಾಯಿತು, ಅವರು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ಸುಖವಾಗಿರುವರು, ಜಾತ್ರೆಗೆ ಕಾರುಗಳಲ್ಲಿ ಬಂದು ಕಾಣಿಕೆಯನ್ನೊಪ್ಪಿಸುವರು. ತೋಟವು ಮಾತ್ರ ಅಪ್ಪ ಅಮ್ಮಂದಿರ ಕೈಯಲ್ಲಿ ಉಳಿಯಿತು. ೧೯೯೮ರ ತರುವಾಯ ದಕ್ಷಿಣದಿಂದ ನುಸಿಯ ಪೀಡೆಯು ಬಂದು ಕಾಯಿ ಸಣ್ಣದಾಯಿತು. ೨೦೧೦ರ ದಶಕದ ಅನಾವೃಷ್ಟಿಗಳಲ್ಲಿ ಕೊಳವೆಬಾವಿಗಳು ಬತ್ತಿ, ಸುಳಿ ಬಾಗಿ, ತಾತನ ಕಾಲದ ಮರಗಳು ಸಾಲುಸಾಲಾಗಿ ಒಣಗಿದುವು. ಮರವೇರುವವರೂ ವಿರಳರಾದರು; ೨೦೧೧ರಲ್ಲಿ ತೆಂಗು ಅಭಿವೃದ್ಧಿ ಮಂಡಲಿಯು ಯಂತ್ರದ ಸಹಾಯದಿಂದ ಮರವೇರುವ ಶಿಕ್ಷಣವನ್ನು ಏರ್ಪಡಿಸಬೇಕಾಯಿತೆಂದರೆ ಕೊರತೆಯು ಎಷ್ಟೆಂಬುದನ್ನು ಊಹಿಸಬಹುದು. ಹೀಗಿರುವಾಗ ೨೦೧೮ರಲ್ಲಿ ಪ್ರತ್ಯೇಕ ಧರ್ಮದ ಮಾನ್ಯತೆಯ ಪ್ರಶ್ನೆಯೆದ್ದು ಮಠಾಧೀಶರು ಎರಡು ಪಕ್ಷಗಳಾದರು. ಅದರ ಗುಣದೋಷಗಳನ್ನು ವಿಚಾರಿಸಲು ಇದು ಸ್ಥಳವಲ್ಲ. ಅದಕ್ಕೆ ತಕ್ಕ ಪಂಡಿತರಿರುವರು. ಆದರೆ ಆ ಬೇಸಗೆಯಲ್ಲಿ ನಮ್ಮ ಜಗಲಿಗಳ ಮೇಲೆ ಕುಳಿತ ವೃದ್ಧರು ಮಾತನಾಡುತ್ತಿದ್ದುದು ಕೊಳವೆಬಾವಿಯ ಆಳವನ್ನು ಕುರಿತು.

ಆದುದರಿಂದ ಶಿವಯೋಗಮಂದಿರದ ಸಂಕಲ್ಪವನ್ನು ಈಗ ಮತ್ತೆ ಕೈಗೆತ್ತಿಕೊಳ್ಳಬೇಕಾಗಿರುವುದು. ೧೯೦೯ರ ವಟುವಿಗೆ ಸಂಸ್ಕೃತವೂ ಯೋಗವೂ ಬೇಕಾಗಿದ್ದುವು, ಈಗಲೂ ಬೇಕು. ಅವುಗಳೊಡನೆ ಈ ಸೀಮೆಯಲ್ಲಿ ಪಟ್ಟಕ್ಕೆ ಬರುವ ವಟುವು ಒಂದು ವರ್ಷವಾದರೂ ಕೊನೆಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಂತಹ ಸ್ಥಳದಲ್ಲಿ ಮಣ್ಣನ್ನೂ ನೀರನ್ನೂ ಮರದ ರೋಗಗಳನ್ನೂ ಅಭ್ಯಸಿಸಲಿ. ಲೆಕ್ಕಪತ್ರವನ್ನು ತಾನೇ ಓದಬಲ್ಲವನಾಗಲಿ. ಮುದುಕರ ಕಾಯಿಲೆಗಳ ವಿಷಯವನ್ನು ತಿಳಿಯಲಿ. ಇದರಿಂದ ಪೀಠದ ಗೌರವಕ್ಕೆ ಕುಂದೆಂದು ಹೇಳುವವರಿರುವರು. ಉದ್ದಾನ ಶಿವಯೋಗಿಗಳು ಕಾಲೇಜಿನ ಹುಡುಗನನ್ನು ಆರಿಸಿದಾಗಲೂ ಹಾಗೆ ಹೇಳಿದವರಿದ್ದಿರಬೇಕು. ಬರಿದಾದ ಪ್ರಸಾದನಿಲಯದ ಒಲೆಯು ಒಂಟಿಯಾಗಿ ಉಳಿದ ವೃದ್ಧರಿಗಾಗಿ ಹೊತ್ತಿದರೆ ಅದು ಹಳೆಯ ದಾಸೋಹವೇ. ಎಲೆಯ ಮುಂದೆ ಕುಳಿತವರ ವಯಸ್ಸು ಮಾತ್ರ ಬೇರೆ.

ಕಳೆದ ವರ್ಷ ಸುಗ್ಗಿಯ ಕಾಲದಲ್ಲಿ ನಮ್ಮ ಸ್ವಾಮಿಗಳವರೊಡನೆ ಭಿಕ್ಷೆಗೆ ಹೋಗುವ ಭಾಗ್ಯ ನನಗೆ ದೊರೆಯಿತು. ಈಗ ಗಾಡಿಯಿಲ್ಲ, ಸಣ್ಣ ಲಾರಿ. ತುರುವೇಕೆರೆಯ ಕಡೆಯ ಒಂದು ಹಳ್ಳಿಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಮೊರದಲ್ಲಿ ರಾಗಿಯನ್ನು ತಂದು, ಪಾದಕ್ಕೆರಗಿ, ಎರಡು ಕಾಯನ್ನು ಇಡಲಿಲ್ಲವೆಂದು ಸಂಕೋಚಪಟ್ಟರು. ತೋಟವಿಲ್ಲವೇ ತಾಯಿ ಎಂದು ಸ್ವಾಮಿಗಳು ಕೇಳಿದರು. “ಐತೆ ಬುದ್ಧಿ, ಮರದ ತುಂಬ ಕಾಯವೆ. ನಿಮ್ಮ ಮಠದಾಗೆ ಓದಿದ ಮಗ ಬೆಂಗಳೂರಾಗೆ ಚೆನ್ನಾಗವ್ನೆ. ಕೀಳೋರು ಯಾರಾನ ಇದ್ರೆ ಒಬ್ಬರನ್ನ ಕಳಿಸಿಕೊಡಿ ಬುದ್ಧಿ” ಎಂದರು. ಸ್ವಾಮಿಗಳು ಸ್ವಲ್ಪ ಹೊತ್ತು ಮರಗಳ ಕಡೆಗೆ ನೋಡುತ್ತ ನಿಂತಿದ್ದು, ನನ್ನ ಕೈಯಲ್ಲಿದ್ದ ಭಿ‌ಕ್ಷೆಯ ಪುಸ್ತಕವನ್ನು ತೆಗೆದುಕೊಂಡು, ಆ ಮನೆಯ ಹೆಸರಿನ ಎದುರಿಗೆ ರಾಗಿಯ ಲೆಕ್ಕದ ಕೆಳಗೆ ತಾವೇ ಬರೆದರು: ಬುಧವಾರ, ಇಬ್ಬರು ಆಳು.